ಕಿವಿಯೊಳಗಿನ ಕಾಲುವೆ

ನನ್ನ ಗುಂಡಾ, ನನ್ನ ಚಿನ್ನಿ, ನಿಮ್ಮ ಅಜ್ಜಿಗೆ ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯ ಒಂದು ಬೆಳಿಗ್ಗೆ ಗೊರೇಬಾಳದ ನಮ್ಮ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಎಡಗಡೆಯಿಂದ ನೀರಿನ ಸದ್ದು ಕೇಳಿತು. ತೂಬಿನಲ್ಲಿ ನೀರು ನುಗ್ಗುವಾಗ ಬರುವಂಥದೇ, ಸುಯ್, ಸುಯ್ ಎಂದು. ಪಕ್ಕದ ಮನೆಯ ಮೈದುನನನ್ನು ಕೂಗಿ, "ಕಾಲುವಿಗೆ ನೀರು ಬಿಟ್ಟಾರ ನೋಡಲೇ" ಎಂದೆ. ನಮ್ಮೂರಲ್ಲಿ ಈ ಮಾತು ಕೇಳಿದವರು ಚಹಾ ಮುಗಿಸಲೂ ನಿಲ್ಲುವುದಿಲ್ಲ. ಅವನು ಸಲಿಕೆ ಹೆಗಲಿಗಿಟ್ಟು ಓಡಿದ. ಒಣಗಿದ ಕಾಲುವೆಯಲ್ಲಿ ಆಡುಗಳು ಮಲಗಿದ್ದವಂತೆ.

"ಅತ್ತಿಗಿ, ಆ ನೀರು ನಿನ್ನ ತಲ್ಯಾಗ ಹರಿಯಾಕತ್ತೈತಿ ಬಿಡು!" ಎಂದು ನಕ್ಕ. ಅವನ ಮಾತೇ ನಿಜವಾಯಿತು.

ಎಡಗಿವಿಯ ಆ ಸದ್ದು ನಿಲ್ಲಲೇ ಇಲ್ಲ. ಸಿಂಧನೂರಿನ ಡಾಕ್ಟರು ಎದೆಬಡಿತ ಕೇಳುವ ನಳಿಕೆಯನ್ನು ಕಿವಿಯ ಹಿಂದೆ ಇಟ್ಟು, "ಯವ್ವಾ, ನನಗೂ ಕೇಳಾಕತ್ತೈತ್ರಿ" ಎಂದರು. ನನಗೆ ಹುಚ್ಚು ಹಿಡಿದಿಲ್ಲವೆಂದು ತಿಳಿದು ಅರ್ಧ ಜಡ್ಡು ಅಲ್ಲೇ ವಾಸಿಯಾಯಿತು.

ಆಮೇಲೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ತೊಡೆಯ ರಕ್ತನಾಳದಿಂದ ಬಣ್ಣ ಬಿಟ್ಟು ತಲೆಯ ಚಿತ್ರ ತೆಗೆದರು. ಆ ನಾಚಿಕೆಯ ಭಾಗ ನಿಮಗೆ ಬೇಡ.

ಮೆದುಳಿಗೆ ಹೊರಗೊಂದು ಹೊದಿಕೆ ಇದೆಯಂತೆ. ಅದರಲ್ಲಿ ರಕ್ತ ತರುವ ನಾಳವೊಂದು, ರಕ್ತ ಒಯ್ಯುವ ನಾಳಕ್ಕೆ ನೇರವಾಗಿ ಕೂಡಿಕೊಂಡಿತ್ತು. ಕಾಲುವೆ ಗದ್ದೆಗೆ ಹೋಗದೆ ಒಡೆದು ಹಳ್ಳಕ್ಕೆ ಬಿದ್ದಂತೆ ಎಂದುಕೊಂಡೆ. ಆ ರಭಸವೇ ನನ್ನ ಕಿವಿಗೆ ಕೇಳುತ್ತಿದ್ದ ಸದ್ದಂತೆ. ಇದರಲ್ಲಿ ಮೂರು ಬಗೆ ಎಂದರು ಡಾಕ್ಟರು. ಮೊದಲನೆಯದರಲ್ಲಿ ರಕ್ತ ದೊಡ್ಡ ನಾಳ ಹಿಡಿದು ಸರಿಯಾದ ದಿಕ್ಕಿಗೆ ಹೋಗುತ್ತದೆ. ಎರಡನೆಯದರಲ್ಲಿ ದೊಡ್ಡ ನಾಳ ಸೇರಿ, ಅಲ್ಲಿಂದ ಮೆದುಳಿನ ಸಣ್ಣ ನಾಳಗಳಿಗೆ ಹಿಂದಿರುಗುತ್ತದೆ. ಮೂರನೆಯದು ನೇರವಾಗಿ ಸಣ್ಣ ನಾಳಗಳಿಗೇ ನುಗ್ಗುತ್ತದೆ. ಕೊನೆಯ ಎರಡರಲ್ಲಿ ನಾಳ ಒಡೆದು ಜೀವಕ್ಕೆ ಕುತ್ತು ಬರಬಹುದು, ಮುಚ್ಚಿಸಲೇಬೇಕು.

ಡಾಕ್ಟರು ಚಿತ್ರ ನೋಡುತ್ತಲೇ ಇದ್ದರು. ನಿಮ್ಮಪ್ಪ ನನ್ನ ಕೈ ಬಿಡಲಿಲ್ಲ. ಕೊನೆಗೆ ನಾನೇ ಧೈರ್ಯ ಮಾಡಿ, "ಹಿಂದಕ್ಕ ತಿರುಗೈತೇನ್ರಿ, ಸಾಹೇಬರ?" ಎಂದೆ.

"ಇಲ್ಲಮ್ಮ. ಮೊದಲನೆಯ ಬಗೆ. ಮುಟ್ಟುವುದು ಬೇಡ. ಸದ್ದು ಜೋರಾದರೂ, ತಟ್ಟನೆ ನಿಂತರೂ ಬನ್ನಿ, ರಕ್ತ ದಾರಿ ಬದಲಿಸಿರಬಹುದು."

ಬರುವಾಗ ಲಿಂಗಸುಗೂರು ದಾಟಿ ಮಸ್ಕಿಯಲ್ಲಿ ಬಸ್ಸು ನಿಂತಿತು. ನಾನೇ ಬಾಯಿಬಿಟ್ಟು ಕೇಳಿ ಮಿರ್ಚಿ ಭಜಿ ತರಿಸಿಕೊಂಡೆ.

ಮಳೆಗಾಲದಲ್ಲಿ ನಿಜವಾಗಿಯೂ ನೀರು ಬಿಟ್ಟರು. ಮೈದುನನಿಗೆ ಹೇಳಿದರೆ ಅವನು ಕಟ್ಟೆಯಿಂದ ಏಳಲೇ ಇಲ್ಲ.

"ಯಾವ ಕಿವ್ಯಾಗ, ಅತ್ತಿಗಿ?"

"ಎರಡರಾಗೂ ಲೇ!"

ಆಗ ಓಡಿದ.

ಸದ್ದು ಈಗಲೂ ಇದೆ, ಅಭ್ಯಾಸವಾಗಿದೆ. ಅದು ಬದಲಾದರೆ ನಾನು ನಾಚಿಕೊಂಡು ಸುಮ್ಮನಿದ್ದುಬಿಟ್ಟೇನು. ಆಗಾಗ ನೀವೇ ಕೇಳಿ. ಆ ದಿನ ಬಂದರೆ ಡಾಕ್ಟರಿಗೆ ತೋರಿಸಲು ಈ ಹಾಳೆಗಳು ಬೇಕು. ಇಲಿ ಮುಟ್ಟದ ಕಡೆ ಇಡಿ, ಮಕ್ಕಳೇ.