ಸನಾದಿ ಕಾಕಾನ ಎಲೆ-ಅಡಿಕೆ

ಅಫಜಲಪುರದಲ್ಲಿ ನಮ್ಮ ಪಕ್ಕದ ಮನೆಯ ಸನಾದಿ ಕಾಕಾ ಮಾತಾಡುವ ಮೊದಲು ಗಲ್ಲ ಉಬ್ಬಿಸುತ್ತಿದ್ದರು, ಮಾತನ್ನೂ ಊದಬೇಕೇನೋ ಎಂಬಂತೆ. ಮದುವೆಯಲ್ಲಿ ಸನಾದಿ ಊದಲು ಕರೆಯಲು ಯಾರೇ ಬರಲಿ, ಅವರದು ಒಂದೇ ಮಾತು: “ಮೊದಲ ಎಲಿ-ಅಡಿಕಿ ಕೈಯಾಗ ಇಡ್ರಿ.” ಅದನ್ನು ಕಣ್ಣಿಗೊತ್ತಿಕೊಂಡರೆ ಮುಗಿಯಿತು, ಜ್ವರ ಬಂದರೂ ಹೋಗಿ ಊದುವವರು.

ಕರೆಯುವವರು ಕಡಿಮೆಯಾದಾಗ, ವಾದ್ಯದವರನ್ನು ಬುಕ್ ಮಾಡುವ ವೆಬ್‌ಸೈಟೊಂದರಲ್ಲಿ ನಾನೇ ಅವರ ಫೋಟೊ, ವಿಡಿಯೊ ಹಾಕಿದೆ. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ಜೇವರ್ಗಿಯ ಮದುವೆಗೆ ಬುಕಿಂಗ್ ಬಂತು. ನಾನು ಕುಣಿದಾಡಿಬಿಟ್ಟೆ.

“ಎಲಿ-ಅಡಿಕಿ ಎಲ್ಲಿ ಅದ, ಮಗಳ?” ಎಂದರು ಕಾಕಾ.

“ಫೋನಿನಾಗ ಅದೆಲ್ಲಾ ಬರಂಗಿಲ್ಲ ಕಾಕಾ. ಸಂಜಿ ಒಳಗ ಒಪ್ಪಿಗಿ ಒತ್ತಬೇಕು, ಇಲ್ಲಂದ್ರ ಬುಕಿಂಗ್ ಹೋಗ್ತದ.”

“ಒತ್ತಬ್ಯಾಡ. ಕೈಯಾಗ ತಗೊಳ್ಳದ ನಾ ಊದಂಗಿಲ್ಲ.”

ಅಷ್ಟು ಹೇಳಿ, ಮದುವೆ ಮನೆಯ ವಿಳಾಸ ಬರೆಸಿಕೊಂಡು, ಸನಾದಿ ಬಗಲಲ್ಲಿಟ್ಟುಕೊಂಡು ಜೇವರ್ಗಿಯ ಬಸ್ಸು ಹತ್ತಿದರು. ಮಧ್ಯಾಹ್ನ ಅಲ್ಲಿಂದಲೇ ಫೋನ್: “ಒತ್ತು ಬೇ, ಒತ್ತು!” ಹಿಂದೆ ಹೆಂಗಸರ ನಗು ಕೇಳುತ್ತಿತ್ತು. ಎಲೆ-ಅಡಿಕೆ ಸಿಕ್ಕ ಖುಷಿಗೆ ಮದುವೆ ಮನೆಯ ಅಂಗಳದಲ್ಲೇ ಊದಿದ್ದರಂತೆ. ಕೇಳಿದ ಓಣಿಯವರಲ್ಲಿ ಇನ್ನಿಬ್ಬರು ತಮ್ಮ ಮನೆಯ ಮದುವೆಗೂ ಎಲೆ-ಅಡಿಕೆ ಕೊಟ್ಟರಂತೆ.

ಸಂಜೆ ಮರಳಿದವರನ್ನು ಕೆಣಕಿದೆ: “ಹಂಗಾದ್ರ ಇನ್ನ ವೆಬ್‌ಸೈಟ್ ಬ್ಯಾಡೇನು?”

ಕಾಕಾ ಗಲ್ಲ ಉಬ್ಬಿಸಿದರು. “ಯಾಕ ಬ್ಯಾಡ? ಆ ಮನಿ ತೋರಿಸಿದ್ದು ಅದೇ ಅಲ್ಲೇನು?” ಎಂದು ರುಮಾಲಿನ ಗಂಟು ಬಿಚ್ಚಿ, ಎರಡು ಎಲೆ, ಒಂದು ಅಡಿಕೆ ತೆಗೆದು ನನ್ನ ಫೋನಿನ ಮೇಲಿಟ್ಟು ಕೈಮುಗಿದರು.