ನಮ್ಮ ಬೀದಿ ಸುತ್ತುತ್ತಿದ್ದ ಸೈಕಲ್ಲು

"ಯಾರ್ರೀ ನೀವು? ದಿನಾ ನಮ್ಮ ಮನೆ ಮುಂದೆ ನಿಮಗೇನು ಕೆಲಸ?" ಎಂದು ಕೇಳುತ್ತ ನಾನು ಅವರ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದೆ. ತೊಂಬತ್ತರ ದಶಕದಲ್ಲಿ ಭದ್ರಾವತಿಯ ಜನ್ನಾಪುರದಲ್ಲಿದ್ದಾಗಿನ ಮಾತಿದು. ಆ ಅಪರಿಚಿತ ವ್ಯಕ್ತಿ ಒಂದು ವಾರದಿಂದ ಬೆಳಿಗ್ಗೆ ಆರಕ್ಕೆ ಬಂದು ನಮ್ಮ ಬೀದಿ ಸುತ್ತುತ್ತಿದ್ದರು. ನಮ್ಮ ಗೇಟು ಬಂದಾಗಲೆಲ್ಲ ಒಳಗೆ ಕಣ್ಣು ಹಾಯಿಸುತ್ತಿದ್ದರು. ಆಗಷ್ಟೇ ಪಕ್ಕದ ಬೀದಿಯಲ್ಲಿ ಕಳ್ಳತನವಾಗಿತ್ತು.

ಐವತ್ತು ದಾಟಿದ ಆ ಮನುಷ್ಯ ಏದುಸಿರು ಬಿಡುತ್ತ ಕೆಳಗಿಳಿದರು. "ಹಾರ್ಟ್ ಅಟ್ಯಾಕ್ ಆಗಿತ್ತಮ್ಮ. ವ್ಯಾಯಾಮ ಬೇಕು ಅಂದ್ರು ಶಿವಮೊಗ್ಗದ ಡಾಕ್ಟ್ರು. ಓಡಕ್ಕೆ ಮಂಡಿ ಬಿಡಲ್ಲ, ಈಜು ಬರಲ್ಲ. ಅದಕ್ಕೇ ಸೈಕಲ್. ಈ ಹೊತ್ತಿಗೆ ನಮ್ಮ ಬೀದೀಲಿ ಯಾರೂ ಎದ್ದಿರಲ್ಲ. ಇಲ್ಲಿ ನೀವು ನನ್ನನ್ನೇ ನೋಡ್ತಾ ನಿಂತಿರ್ತೀರಿ. ಬಿದ್ರೆ ನೋಡೋರಿದಾರೆ ಅಂತ ಒಂದು ಧೈರ್ಯ."

ಕಥೆ ಚೆನ್ನಾಗಿಯೇ ಕಟ್ಟುತ್ತಾನೆ ಎಂದುಕೊಂಡು ಮನೆಯ ಫೋನ್ ನಂಬರ್ ಕೇಳಿದೆ. ಅವರು ಅಂಗಿಯ ಜೇಬಿನಿಂದ ಹೆಸರು, ನಂಬರ್ ಬರೆದಿದ್ದ ಚೀಟಿ ತೆಗೆದು ಕೊಟ್ಟು ಮತ್ತೆ ಸೈಕಲ್ ಹತ್ತಿದರು. ಸುಳ್ಳು ನಂಬರೇ ಇರಬೇಕೆಂದು ನಾನು ಒಳಗೆ ಹೋಗಿ ತಕ್ಷಣ ಡಯಲ್ ಮಾಡಿದೆ. ಅವರ ಹೆಂಡತಿ ಎತ್ತಿದರು. "ಜನ್ನಾಪುರದಿಂದ ಮಾತಾಡ್ತಿದೀನಿ, ನಿಮ್ಮ ಯಜಮಾನ್ರು ಸೈಕಲ್ಲಲ್ಲಿ..." ಎನ್ನುವಷ್ಟರಲ್ಲಿ ಆಕೆ ನಡುವೆಯೇ ಕೂಗಿದರು. "ಎಲ್ಲಿ ಬಿದ್ದಿದಾರೆ?"

ಬಿದ್ದಿಲ್ಲ, ಚೆನ್ನಾಗಿದ್ದಾರೆ ಎಂದು ಎಷ್ಟು ಸಲ ಹೇಳಿದೆನೋ. ಆಕೆಯ ಅಳು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಮತ್ತೇಕೆ ಫೋನ್ ಮಾಡಿದಿರಿ ಎಂದು ಆಕೆ ಕೇಳಲಿಲ್ಲ. ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.