ಮಚ್ಚೆ ಮಾಯವಾದ ಮೇಲೆ

ಹಸುಗೂಸುಗಳ ಮೈಮೇಲಿನ ಕೆಂಪು ಮಚ್ಚೆಗಳಲ್ಲಿ ಹೋಗುವುದು ಯಾವುದು, ಉಳಿಯುವುದು ಯಾವುದು ಎಂದು ತಾಯಂದಿರಿಗೆ ತಿಳಿಯುವಂತೆ ಹೇಳಬಲ್ಲ ವೈದ್ಯರು ವಿರಳ. ಜೀವಮಾನವೆಲ್ಲ ಆ ಕೆಲಸವನ್ನೇ ಮಾಡಿ ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರನ್ನು ನೆನೆದರೆ, ಅವರ ನಗು ನಿಂತುಹೋದ ಒಂದು ಮಧ್ಯಾಹ್ನವೇ ನನ್ನ ಮುಂದೆ ಬಂದು ನಿಲ್ಲುತ್ತದೆ.

ವಿದ್ಯಾರ್ಥಿಗಳಾದ ನಮಗೆ ಅವರು ಕಲಿಸಿದ್ದು ಸರಳವಾಗಿತ್ತು. ಹಣೆಯ ಮೇಲಿನ ತಿಳಿಗೆಂಪು ಬಹುಮಟ್ಟಿಗೆ ತಾನಾಗಿ ಮಾಸುತ್ತದೆ. ದ್ರಾಕ್ಷಾರಸ ಚೆಲ್ಲಿದಂತೆ ಹರಡಿದ ಕಡುಗೆಂಪು ಮಗುವಿನ ಜೊತೆಗೇ ಬೆಳೆದು ಉಳಿದುಬಿಡುತ್ತದೆ. ಹುಟ್ಟಿದ ಕೆಲವು ವಾರಗಳಲ್ಲಿ ಉಬ್ಬುವ ರಕ್ತನಾಳದ ಗಂಟು ಮೊದಲು ಹೆದರಿಸಿ, ಆಮೇಲೆ ವರ್ಷಗಟ್ಟಲೆ ಕುಗ್ಗುತ್ತಾ ಹೋಗುತ್ತದೆ. ಕೂಸು ಬೆಚ್ಚದಿರಲೆಂದು ಅಂಗೈ ಉಜ್ಜಿ ಬಿಸಿ ಮಾಡಿಕೊಂಡೇ ಅವರು ಮುಟ್ಟುತ್ತಿದ್ದರು. ‘ನೀನು ತಿಂದದ್ದರಿಂದ ಬಂದದ್ದಲ್ಲಮ್ಮ ಇದು’ ಎಂದು ಬಾಣಂತಿಗೆ ಅವಳ ಅತ್ತೆಯ ಎದುರೇ ಹೇಳುತ್ತಿದ್ದರು.

ಆ ಮಧ್ಯಾಹ್ನ ಐದು ವರ್ಷದ ಹುಡುಗಿಯೊಬ್ಬಳನ್ನು ಅವಳ ತಾಯಿ, ಅಜ್ಜಿ ಕರೆತಂದರು. ಕೂಸಾಗಿದ್ದಾಗ ಅವಳ ಬಲಗಣ್ಣಿನ ರೆಪ್ಪೆಯ ಮೇಲೆ ಕಾಳಿನಷ್ಟು ಗಂಟಿತ್ತು. ತಾನಾಗಿ ಹೋಗುತ್ತದೆಂದು ಮೇಡಂ ಕಳಿಸಿದ್ದರು. ಅದು ಬೆಳೆದು ತಿಂಗಳುಗಟ್ಟಲೆ ಕಣ್ಣು ಮುಚ್ಚಿದಾಗಲೂ ಮನೆಯವರು ಆ ಮಾತನ್ನೇ ನಂಬಿ ಕಾದಿದ್ದರು.

‘ನೀವು ಹೇಳಿದ ಹಾಗೇ ಆಯ್ತು ಡಾಕ್ಟ್ರೇ. ಗುರುತೇ ಇಲ್ಲ,’ ಎಂದಳು ತಾಯಿ.

‘ಆಗ ಬಸ್ಸಲ್ಲಿ ಎಲ್ರೂ ಇವಳನ್ನೇ ನೋಡಿ ಜಾಗ ಬಿಡೋರು. ಈಗ ನಿಂತೇ ಬಂದ್ವಿ,’ ಎಂದು ಅಜ್ಜಿ ನಕ್ಕರು.

ಮೇಡಂ ಕೂಡ ನಗುತ್ತಲೇ ಹುಡುಗಿಯ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬೆರಳು ಎತ್ತಿ, ‘ಇದು ಎಷ್ಟು ಪುಟ್ಟಿ?’ ಎಂದರು.

‘ಕೈ ತೆಗೀರಿ, ಹೇಳ್ತೀನಿ,’ ಎಂದಳು ಹುಡುಗಿ.

ಮೇಡಂ ಕೈ ತೆಗೆಯಲಿಲ್ಲ, ಬೆರಳನ್ನು ಇನ್ನಷ್ಟು ಹತ್ತಿರ ತಂದರು. ನೋಡಲು ಕಲಿಯಬೇಕಾದ ತಿಂಗಳುಗಳಲ್ಲಿ ಮುಚ್ಚಿಹೋಗಿದ್ದ ಕಣ್ಣು ನೋಡುವುದನ್ನೇ ಕಲಿತಿರಲಿಲ್ಲ. ಆಮೇಲಿನ ಚಿಕಿತ್ಸೆಯಿಂದಲೂ ದೃಷ್ಟಿ ಹೆಚ್ಚೇನೂ ಬರಲಿಲ್ಲ. ಮಚ್ಚೆಯ ಬಗ್ಗೆ ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ.

ಅಂದಿನಿಂದ ಕಣ್ಣಿನ ಬಳಿ ಗಂಟಿರುವ ಪ್ರತಿ ಕೂಸಿನ ಒಳ್ಳೆಯ ಕಣ್ಣನ್ನು ಮುಚ್ಚಿ ನೋಡದೆ ಅವರು ಯಾರನ್ನೂ ಕಳಿಸಿದ್ದಿಲ್ಲ. ಕೂಸು ಅತ್ತು ಅವರ ಕೈ ತಳ್ಳಿದರೆ, ಗಂಟಿರುವ ಕಣ್ಣಿಗೆ ಕಾಣುತ್ತಿಲ್ಲವೆಂದು ಅನುಮಾನ. ಈಗ ಹೊತ್ತಿಗೆ ಸರಿಯಾಗಿ ಬಂದರೆ ಗಂಟನ್ನು ಕುಗ್ಗಿಸುವ ಔಷಧಿಯಿದೆ. ಆದರೂ ಹೋದ ವಾರ ಒಂದು ಕೂಸು ಅತ್ತಿತು. ‘ತಾನಾಗೇ ಹೋಗುತ್ತೆ ಅಂದ್ರು’ ಎಂದು ಬೇರೆ ಯಾರದೋ ಮಾತು ನಂಬಿ ಕಾದು ಬಂದವರೇ ಅದರ ಮನೆಯವರೂ.

ಈ ಲೇಖನದ ವಿಷಯ ತಿಳಿಸಿದಾಗ ಮೇಡಂ, ‘ಆ ಹುಡುಗಿ ಬಗ್ಗೆ ಬರಿ. ಉಳಿದದ್ದನ್ನ ಬೇರೆಯವರು ಬರೀತಾರೆ,’ ಎಂದರು. ಅವರ ಜಾಗಕ್ಕೆ ಇನ್ನೂ ಯಾರೂ ನೇಮಕವಾಗಿಲ್ಲ. ಆಗುವ ಸೂಚನೆಯೂ ಇಲ್ಲ. ಅವರು ಬಹುಕಾಲ ಬಾಳಲಿ, ಆಗಾಗ ಬಂದು ಆ ಬೆಚ್ಚನೆಯ ಅಂಗೈಯನ್ನು ಯಾವುದಾದರೂ ಕೂಸಿನ ಒಳ್ಳೆಯ ಕಣ್ಣಿನ ಮೇಲೆ ಇಡಲಿ. ಆ ಕೂಸು ಅಳದೆ ಸುಮ್ಮನಿರಲಿ.